ಮೈ ಬರೆದ ಅಕ್ಷರ: ಮೊದಲೇ ಮುಚ್ಚಿದ ಬಾಗಿಲು

"ಕೈ ಎತ್ತಿ ಮೇಡಂ. ಬಸ್ಸು ನಿಲ್ಲಿಸೋರ ಥರ ಅಲ್ಲ. ಇಡೀ ಮೈಯೇ ಕುಂಚ ಅಂದ್ಕೊಳ್ಳಿ," ಎಂದ ಕಂಪ್ಯೂಟರಿನ ಮುಂದೆ ಕೂತಿದ್ದ ಎಂಜಿನಿಯರ್.

ಇಡೀ ಮೈಯನ್ನು ಕುಂಚ ಅಂದುಕೊಳ್ಳುವುದು ವಿಮೆಯಮ್ಮನಿಗೆ ಸುಲಭವಿರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡಾಗ ಆಕೆಗೆ ತನ್ನ ಮೈ ದಿಂಬಿನ ಹಾಗೆ ಕಂಡದ್ದುಂಟು, ಕುಂಚದ ಹಾಗೆ ಎಂದೂ ಕಂಡಿರಲಿಲ್ಲ. ಆದರೂ ಚಪ್ಪಲಿ ಬಿಟ್ಟು, ಕೈಚೀಲವನ್ನು ಗೋಡೆಗೆ ಒರಗಿಸಿ, ಮರದ ಹಾಸಿನ ಮೇಲೆ ಕಾಲಿಟ್ಟಳು.

ಎದುರಿನ ಪರದೆಯ ಮೇಲೆ ಮಸಿ ಹರಿಯಿತು.

ಆಕೆ ಮುಂದಕ್ಕೆ ಬಾಗಿದರೆ ಗೆರೆ ದಪ್ಪವಾಯಿತು. ತುದಿಗಾಲಲ್ಲಿ ನಿಂತರೆ ಕೂದಲೆಳೆಯಷ್ಟು ಸಣ್ಣಗಾಯಿತು. ತೋಳು ಬೀಸಿದ ಕಡೆಗೆಲ್ಲ ಓಡಿತು. ಸುಸ್ತಾಗಿ ಸುಮ್ಮನೆ ನಿಂತುಬಿಟ್ಟಾಗ, ನಿಂತ ಜಾಗದಲ್ಲಿ ಮಸಿ ಚುಕ್ಕೆಯಾಗಿ ಹರಡತೊಡಗಿತು.

"ಇದೇನಪ್ಪಾ, ನಾನು ಸೋರ್ತಾ ಇದೀನಾ?"

"ಕುಂಚ ಕಾಗದದ ಮೇಲೆ ಸುಮ್ಮನೆ ನಿಂತರೆ ಮಸಿ ಹರಡಿಬಿಡುತ್ತಲ್ಲ, ಹಾಗೆ. ಮೈ ನಿಂತರೆ ಚುಕ್ಕೆ ಬೀಳಲೇಬೇಕು ಅಂತ ಅವಳೇ ಹಟ ಹಿಡಿದು ಮಾಡಿಸಿದ್ದು."

'ಅವಳು' ಅನ್ನುವಾಗ ಎಂಜಿನಿಯರ್ ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲ.

ಅವಳೆಂದರೆ ಅವನ ಹೆಂಡತಿ, ನರ್ತಕಿ. ಗಂಡ ಯಂತ್ರ ಕಟ್ಟಿದ, ಹೆಂಡತಿ ಕುಣಿದಳು, ಗೋಡೆ ಚೀನೀ ಅಕ್ಷರ ಬರೆಯಿತು. ಆ ಅಕ್ಷರದ ಗಂಧವೇ ಇಲ್ಲದವರು ಮಕ್ಕಳನ್ನು ಕರೆದುಕೊಂಡು ಬಂದು, ಅವಳು ಕುಣಿದದ್ದನ್ನು ನೋಡಿ, ಆಮೇಲೆ ತಾವೂ ಹಾಸಿನ ಮೇಲೆ ಕಾಲಿಟ್ಟು ಕೈಕಾಲು ಬಡಿದು ನಕ್ಕು ಹೋಗುತ್ತಿದ್ದರಂತೆ. ಈಗ ಬಾಗಿಲಿಗೆ 'ಪ್ರದರ್ಶನ ಇಲ್ಲ' ಎಂಬ ಚೀಟಿ ಅಂಟಿತ್ತು. ಹಾಲ್‌ನ ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ, ಒಂದು ಕೆಟಲ್, ಒಂದೇ ಒಂದು ಲೋಟ. ವಿಮೆಯಮ್ಮ ಆ ಲೋಟವನ್ನು ಎರಡು ಸಲ ನೋಡಿದಳು. ಆಕೆಯ ಮನೆಯ ಅಡುಗೆಕಟ್ಟೆಯ ಮೇಲೂ ಅಂಥದ್ದೇ ಒಂದು ಒಂಟಿ ಲೋಟವಿತ್ತು.

ಆಕೆಗೆ ವಿಮೆಯಮ್ಮ ಎಂಬ ಹೆಸರು ಬಂದದ್ದು ಹಳೆಯ ನೌಕರಿಯಿಂದ. ಅರ್ಧ ಆಯುಸ್ಸು ವಿಮಾ ಕಂಪನಿಯೊಂದರಲ್ಲಿ ಸುಳ್ಳು ಅಪಘಾತ, ಸುಳ್ಳು ಬೆಂಕಿ, ಸುಳ್ಳು ಸಾವುಗಳ ಬೆನ್ನು ಹತ್ತಿ ಕಳೆದವಳು. ಗಂಡ ತೀರಿಹೋದ ಮೇಲೆ ನೌಕರಿ ಬಿಟ್ಟು ಸ್ವಂತ ಪತ್ತೇದಾರಿಗೆ ಇಳಿದಳು. ನೌಕರಿ ಬಿಟ್ಟರೂ ಹೆಸರು ಬಿಡಲಿಲ್ಲ.

ಈ ಪ್ರಕರಣದ ಗಂಟು ಇಷ್ಟೇ. ನರ್ತಕಿ ಕಾಣೆಯಾಗಿ ವಾರ ಕಳೆದ ಮೇಲೆ, ಬೀಗ ಹಾಕಿದ್ದ ಇದೇ ಹಾಲ್‌ನಲ್ಲಿ, ರಜೆಯ ಒಂದು ಮಧ್ಯಾಹ್ನ ಯಾರೋ ಕುಣಿದಿದ್ದರು. ಯಂತ್ರ ಅದನ್ನು ಉಳಿಸಿಕೊಂಡಿತ್ತು. 'ಇದು ನನ್ನ ಮಗಳೇ, ಬದುಕಿದ್ದಾಳೆ' ಎಂದರು ಅವಳ ತಂದೆ. 'ಇದು ನನ್ನ ಹೆಂಡತಿಯಲ್ಲ' ಎಂದ ಗಂಡ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಪೊಲೀಸರು ಹೆತ್ತವರ ಮಾತಿಗೆ ಬೆಲೆ ಕೊಟ್ಟು ಹುಡುಕಾಟ ನಿಲ್ಲಿಸಿದರು. ಗಂಡ ಒಪ್ಪದ ಕಾರಣ ಕಡತವೊಂದು ಮಾತ್ರ ಇನ್ನೂ ಮುಚ್ಚಿರಲಿಲ್ಲ. ವಿಮೆಯಮ್ಮನನ್ನು ನೇಮಿಸಿದವರು ತಂದೆ. "ಎಲ್ಲೇ ಇರಲಿ, ಬದುಕಿದ್ದಾಳೆ ಅಂತ ಒಂದು ಮಾತು ತಂದುಕೊಡಿ ತಾಯಿ" ಎಂದಿದ್ದರು.

"ಆ ದಿನದ್ದನ್ನ ತೋರಿಸಿ," ಎಂದಳು ವಿಮೆಯಮ್ಮ, ಚಪ್ಪಲಿ ಮೆಟ್ಟುತ್ತ.

"ಪೊಲೀಸರು ಪರದೆಯಿಂದ ತೆಗೆದ ಫೋಟೋ ನಿಮ್ಮ ಹತ್ತಿರ ಇದೆಯಲ್ಲ."

"ಅದು ಮುಗಿದ ಅಕ್ಷರ. ನನಗೆ ಶುರುವಿನಿಂದ ಬೇಕು. ಅಡುಗೆ ಹೇಗಿದೆ ಅಂತ ತಟ್ಟೆ ನೋಡಿದರೆ ಗೊತ್ತಾಗುತ್ತೆ. ಯಾರು ಮಾಡಿದ್ದು ಅಂತ ತಿಳೀಬೇಕಾದರೆ ಒಲೆ ಹತ್ತಿರ ನಿಲ್ಲಬೇಕು."

ಅವನು ಮೊದಲ ಸಲ ಆಕೆಯ ಮುಖ ನೋಡಿದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿತ್ತು.

"ನಿಮ್ಮನ್ನ ಕಳಿಸಿದ್ದು ಮಾವ. ಅವರಿಗೆ ಬೇಕಾದ್ದನ್ನೇ ಹುಡುಕಿ ಕೊಡ್ತೀರಿ ಅಂದ್ಕೊಂಡಿದ್ದೆ."

"ವಿಮಾ ಕಂಪನಿಯವರೂ ಹಾಗೇ ಅಂದ್ಕೊಂಡಿದ್ರು. ಅದಕ್ಕೇ ನನಗೆ ಬಡ್ತಿ ಸಿಗಲಿಲ್ಲ."

ಅವನ ತುಟಿಯ ಮೂಲೆಯಲ್ಲಿ ನಗೆ ಬರಲೋ ಬೇಡವೋ ಎಂದು ಇಣುಕಿ ಹೋಯಿತು. ಕೀಲಿ ಒತ್ತಿದ.

ಖಾಲಿ ಪರದೆ. ಮುಖವಿಲ್ಲ, ಮನುಷ್ಯರಿಲ್ಲ. ಈ ಯಂತ್ರದ ಕ್ಯಾಮೆರಾ ಬಂದವರ ಮುಖವನ್ನು ಉಳಿಸಿಕೊಳ್ಳುವುದಿಲ್ಲ. ಮೈಯ ಚಲನೆಯನ್ನು ಗೆರೆ ಮಾಡಿ ಇಟ್ಟುಕೊಂಡು ಉಳಿದದ್ದನ್ನು ಮರೆತುಬಿಡುತ್ತದೆ. ಆದ್ದರಿಂದ ಕಂಡದ್ದು ಮಸಿ ಮಾತ್ರ.

ಎಡಗಡೆ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಇಳಿಯಿತು. ಇನ್ನೊಂದು ಮೇಲಿಂದ ಬಲಕ್ಕೆ ಹೋಗಿ ತಿರುಗಿ ಕೆಳಗಿಳಿಯಿತು. ಅಡಿಯಲ್ಲಿ ಅಡ್ಡಗೆರೆ ಬಂತು. ದೊಡ್ಡ ಚೌಕ ಮುಗಿಯಿತು. ಆಮೇಲೆ ಅದರ ಹೊಟ್ಟೆಯೊಳಗೆ ಒಂದು ಸಣ್ಣ ಚೌಕ. ಅಷ್ಟೇ ಅಕ್ಷರ. 'ಹಿಂತಿರುಗಿ ಬರುವುದು' ಎಂದು ಅದರ ಅರ್ಥವೆಂಬುದನ್ನು ಮೇಷ್ಟ್ರು, ಅಂದರೆ ನರ್ತಕಿಯ ತಂದೆ, ಮೊದಲೇ ಹೇಳಿದ್ದರು.

"ಇದು ಅವಳಲ್ಲ ಅಂತ ನಿಮಗೆ ಹೇಗೆ ಗೊತ್ತು?"

"ತಿರುವಿಗೆ ಮುಂಚೆ ಅವಳು ಉಸಿರು ಎಳ್ಕೋತಾಳೆ. ಎದೆ ಏರುತ್ತೆ, ಗೆರೆ ಅಲ್ಲಿ ಒಂಚೂರು ಉಬ್ಬುತ್ತೆ. ನೂರಾರು ಸಲ ನೋಡಿದೀನಿ. ಇದರಲ್ಲಿ ಉಸಿರೇ ಇಲ್ಲ. ಪೊಲೀಸರಿಗೆ ಹೇಳಿದೆ. 'ಉಸಿರನ್ನ ಸಾಕ್ಷಿ ಅಂತ ಕೋರ್ಟಿಗೆ ಹೇಗಪ್ಪಾ ತರೋದು' ಅಂದ್ರು."

"ಅಕ್ಷರ ಸರಿಯಾಗಿದೆಯಾ?"

"ಅದನ್ನ ಮಾವನ್ನ ಕೇಳಿ. ನನಗೆ ಒಂದಕ್ಷರವೂ ಬರಲ್ಲ. ನನ್ನ ಪಾಲಿಗೆ ಇದೆಲ್ಲ ಬರೀ ಆಕಾರ."

"ಇನ್ನೊಂದು ಸಲ ಹಾಕಿ."

ಎರಡನೆಯ ಸಲ ವಿಮೆಯಮ್ಮ ಅಕ್ಷರ ನೋಡಲಿಲ್ಲ, ಅಕ್ಷರದ ಸುತ್ತ ನೋಡಿದಳು. ಸುಳ್ಳು ಬೆಂಕಿಯನ್ನು ಹಿಡಿಯಬೇಕಾದರೆ ಸುಟ್ಟ ಜಾಗ ಬಿಟ್ಟು ಸುಡದ ಜಾಗ ನೋಡಬೇಕು ಎಂಬುದು ಆಕೆಯ ಹಳೆಯ ಪಾಠ. ಪರದೆಯ ಬಲತುದಿಯಲ್ಲಿ, ತೀರ ಕೆಳಗೆ, ಒಂದು ಕಪ್ಪು ಚುಕ್ಕೆಯಿತ್ತು. ಪೊಲೀಸರ ಫೋಟೋದಲ್ಲಿ ಆ ಅಂಚು ಕತ್ತರಿಸಿಹೋಗಿತ್ತು.

ಚುಕ್ಕೆ ನಿಧಾನವಾಗಿ ಹರಡುತ್ತಿತ್ತು.

"ಅದೇನು?"

"ಯಾವುದು?"

"ಆ ಮೂಲೆಯದ್ದು. ಸುಮ್ಮನೆ ನಿಂತವರಿಗೆ ಚುಕ್ಕೆ ಬೀಳುತ್ತೆ ಅಂತ ಈಗ ತಾನೇ ಹೇಳಿದ್ರಿ. ಅಲ್ಲಿ ಯಾರೋ ನಿಂತಿದ್ದಾರೆ."

ಎಂಜಿನಿಯರ್ ಎದ್ದು ಪರದೆಯ ಹತ್ತಿರ ಹೋದ. ಇಷ್ಟು ದಿನ ಅವನ ಕಣ್ಣು ಕುಣಿದವರ ಮೇಲೆಯೇ ಇತ್ತೆಂಬುದು ಅವನು ನಿಂತ ಭಂಗಿಯಿಂದಲೇ ತಿಳಿಯುತ್ತಿತ್ತು. ಚುಕ್ಕೆಯ ಒಂದು ಅಂಚು ಆಗಾಗ ಮಿಡಿಯುತ್ತಿತ್ತು, ನಿಂತವರು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕಿ ಮತ್ತೆ ಹಿಂದಕ್ಕೆ ತರುತ್ತಿದ್ದ ಹಾಗೆ. ಅವನು ಅದನ್ನೇ ನೋಡುತ್ತ ನಿಂತ. ಅವನ ಮುಖದ ಬಣ್ಣ ಇಳಿದುಹೋಯಿತು.

"ಕ್ಯಾಮೆರಾ ಮೇಲಿನ ಧೂಳು," ಎಂದ.

"ಧೂಳು ಕಾಲು ಬದಲಿಸುತ್ತಾ?"

"ಇವತ್ತಿಗೆ ಸಾಕು ಮೇಡಂ. ನನಗೆ ಹೊರಗೆ ಕೆಲಸ ಇದೆ."

ಆ ಧ್ವನಿ ವಿಮೆಯಮ್ಮನಿಗೆ ಹೊಸದಲ್ಲ. ಒಳಗೆ ಏನೋ ಧೊಪ್ಪನೆ ಬಿದ್ದಾಗ ಮನುಷ್ಯ ಹೊರಗೆ ಬಾಗಿಲು ಎಳೆದುಕೊಳ್ಳುವ ಧ್ವನಿ ಅದು. ಒತ್ತಾಯಿಸಿದರೆ ಗಟ್ಟಿಯಾಗುತ್ತಾನೆ, ನಾಳೆಗೆ ಬಿಟ್ಟರೆ ತಾನಾಗಿ ಸಡಿಲಾಗುತ್ತಾನೆ ಎಂದು ಲೆಕ್ಕ ಹಾಕಿ ಕೈಚೀಲ ಎತ್ತಿಕೊಂಡಳು. ಆ ಲೆಕ್ಕ ಎಷ್ಟು ತಪ್ಪಾಗಿತ್ತೆಂಬುದು ಸಂಜೆಯ ಹೊತ್ತಿಗೆ ತಿಳಿಯಿತು.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ವಿಮೆಯಮ್ಮ ಮಂಡಿಯ ಮೇಲೆ ಬೆರಳಿನಿಂದ ಆ ಅಕ್ಷರವನ್ನು ಬರೆದು ಬರೆದು ಕಲಿತಳು. ಎಡಕ್ಕೊಂದು ಗೆರೆ, ಮೇಲಿಂದ ಬಲಕ್ಕೆ ತಿರುಗಿ ಇನ್ನೊಂದು, ಅಡಿಗೆ ಒಂದು, ಆಮೇಲೆ ಒಳಗಿನ ಚೌಕ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಸರಿದು ಕೂತಳು. ಮಂಡಿಯ ಮೇಲೆ ಚೌಕ ಬರೆಯುತ್ತ ತನ್ನಷ್ಟಕ್ಕೆ ತಾನು ಗೊಣಗುವವಳ ಪಕ್ಕದಲ್ಲಿ ಯಾರು ತಾನೇ ಧೈರ್ಯವಾಗಿ ಕೂತಾರು?

ಗಂಡ ಇದ್ದಿದ್ದರೆ ಇವತ್ತು ಮನೆಗೆ ಹೋಗಿ ಹೇಳಿ ನಗಬಹುದಿತ್ತು. ಹೇಳುವುದಕ್ಕೆ ಯಾರೂ ಇಲ್ಲದ ಮೇಲೆ ನಗೆಯ ಸಂಗತಿಯೂ ಅರ್ಧಕ್ಕರ್ಧ ಸಪ್ಪೆ. ಇದು ಆಕೆಗೆ ಬಸ್ಸಿನಲ್ಲೇ ಹೆಚ್ಚು ತಟ್ಟುತ್ತಿತ್ತು, ಯಾಕೋ.

ಮೇಷ್ಟ್ರ ಮನೆ ಮಹಡಿಯ ಮೇಲಿತ್ತು. ಹರೆಯದಲ್ಲಿ ಕಾಗದದ ವ್ಯಾಪಾರಕ್ಕೆಂದು ಚೀನಾ ದೇಶಕ್ಕೆ ಹೋಗಿ, ವ್ಯಾಪಾರ ಕೈಕೊಟ್ಟರೂ ಕುಂಚ ಕೈಹಿಡಿದು, ಅಲ್ಲಿನ ಒಬ್ಬ ಗುರುವಿನ ಹತ್ತಿರ ವರ್ಷಗಟ್ಟಲೆ ಅಕ್ಷರ ತಿದ್ದಿ ಬಂದವರು ಅವರು. ಮುಂದಿನ ಕೋಣೆಯೇ ಪಾಠಶಾಲೆ. ಉದ್ದನೆಯ ಮೇಜು, ಮಸಿ ಅರೆಯುವ ಕಪ್ಪು ಕಲ್ಲು, ಮರದ ಗೂಟಕ್ಕೆ ತಲೆಕೆಳಗಾಗಿ ನೇತುಬಿಟ್ಟ ಕುಂಚಗಳು. ಮಗಳು ಕಾಣೆಯಾದ ಮೇಲೆ ಶಿಷ್ಯರು ಬರುವುದು ಕಮ್ಮಿಯಾಗಿತ್ತು. ದುಃಖದ ಮನೆಗೆ ಬರಲು ಜನರಿಗೆ ಸಂಕೋಚ, ಬಾರದೆ ಇರಲೂ ಸಂಕೋಚ; ಎರಡರ ನಡುವೆ ಮೇಷ್ಟ್ರು ಒಬ್ಬರೇ ಉಳಿದಿದ್ದರು.

"ಬನ್ನಿ ತಾಯಿ. ಏನಾದರೂ ಸುದ್ದಿ?"

ಪ್ರತಿ ಸಲವೂ ಅದೇ ಪ್ರಶ್ನೆ, ಹೊಸ್ತಿಲು ದಾಟುವ ಮುಂಚೆಯೇ.

"ಇನ್ನೂ ಇಲ್ಲ ಮೇಷ್ಟ್ರೇ. ಇವತ್ತು ಪಾಠ ಹೇಳಿಸಿಕೊಳ್ಳೋಣ ಅಂತ ಬಂದೆ. ಗೊತ್ತಿಲ್ಲದ ವಿದ್ಯೆಯ ಸುತ್ತ ಎಷ್ಟು ದಿನ ಸುತ್ತಲಿ?"

ಅವರಿಗೆ ಸಂತೋಷವಾಯಿತು. ಕಲಿಸುವವರಿಗೆ ಕಲಿಯುವವರು ಸಿಕ್ಕರೆ ಎಂಥ ದುಃಖದಲ್ಲೂ ಬೆನ್ನು ನೆಟ್ಟಗಾಗುತ್ತದೆ. ಮೇಜಿನ ಮೇಲೆ ಒಂದು ಚಪ್ಪಡಿ ಕಲ್ಲು ಇಟ್ಟರು, ಬಟ್ಟಲಲ್ಲಿ ಬರೀ ನೀರು ತಂದರು.

"ಹೊಸಬರಿಗೆ ಮಸಿ ಇಲ್ಲ. ಕಲ್ಲಿನ ಮೇಲೆ ನೀರಲ್ಲಿ ಬರೀಬೇಕು. ತಪ್ಪಾದರೆ ಆರಿಹೋಗುತ್ತೆ, ಯಾರಿಗೂ ಕಾಣಲ್ಲ. ಕುಂಚ ನೆಟ್ಟಗೆ ಹಿಡೀರಿ. ಚಮಚ ಅಲ್ಲ ಅದು. ಹಾಂ, ಹಾಗೆ. ಏನು ಬರೀತೀರಿ?"

"ನಿಮ್ಮ ಮಗಳು ಬರೆದದ್ದೇ ಬರೀತೀನಿ. ಹಿಂತಿರುಗಿ ಬರೋದು."

ಮೇಷ್ಟ್ರು ನೀರಿನ ಬಟ್ಟಲನ್ನು ಆಕೆಯ ಕಡೆಗೆ ಸರಿಸಿದರು.

ವಿಮೆಯಮ್ಮ ಬರೆದಳು. ಎಡಕ್ಕೊಂದು ಗೆರೆ. ಮೇಲಿಂದ ಬಲಕ್ಕೆ ತಿರುಗಿ ಇನ್ನೊಂದು. ಅಡಿಗೆ ಅಡ್ಡಗೆರೆ ಎಳೆಯುವಷ್ಟರಲ್ಲಿ ಮೇಷ್ಟ್ರ ಕೈ ಬಂದು ಆಕೆಯ ಮಣಿಕಟ್ಟಿನ ಮೇಲೆ ಪಟ್ ಎಂದು ಬಿತ್ತು. ಅರ್ಧ ಶತಮಾನದ ಅಭ್ಯಾಸ. ಎದುರಿಗಿರುವವರು ಯಾರೆಂದೂ ನೋಡದೆ ಬಿದ್ದ ಏಟು.

"ಬಾಗಿಲು ಹಾಕಿಬಿಟ್ರಲ್ಲಾ! ಇನ್ನು ಒಳಗೆ ಹೋಗೋದು ಹೇಗೆ? ಮೂರು ಗೋಡೆ ಕಟ್ಟಿ, ಒಳಗೆ ಹೋಗಿ, ಆಮೇಲೆ ಬಾಗಿಲು. ಒಳಗಿನ ಚೌಕ ಮುಗಿದ ಮೇಲೇ ಅಡಿಗೆರೆ. ಮೊದಲನೇ ದಿನ ಹೇಳಿಕೊಡೋದೇ ಇದನ್ನ. ಇದನ್ನ ತಪ್ಪು ಮಾಡೋರು ಅಕ್ಷರ ಕಲಿತವರೇ ಅಲ್ಲ, ಮುಗಿದದ್ದನ್ನ ಗೋಡೆ ಮೇಲೆ ನೋಡಿ ಇಳಿಸಿಕೊಂಡವರು. ಮುಗಿದ ಮೇಲೆ ನೋಡೋಕೆ ಎರಡೂ ಒಂದೇ, ಆದರೆ..."

ಮಾತು ಅಲ್ಲೇ ನಿಂತಿತು.

ವಿಮೆಯಮ್ಮ ಕುಂಚ ಕೆಳಗಿಟ್ಟಳು.

"ನಿಮ್ಮ ಮಗಳಿಗೆ ಕಲಿಸಿದವರು ಯಾರು ಮೇಷ್ಟ್ರೇ?"

"ನಾನೇ."

"ಯಾವಾಗಿಂದ?"

"ಇನ್ನೂ ಜಡೆ ಹಾಕೋಕೆ ಕೂದಲು ಸಾಲದ ವಯಸ್ಸಿಂದ."

"ಆ ಕಲ್ಲಿನ ಮೇಲೇ?"

"ಆ ಕಲ್ಲಿನ ಮೇಲೇ."

"ನಾನು ಈಗ ಬರೆದದ್ದು ನನ್ನ ತಪ್ಪಲ್ಲ. ಪರದೆ ಮೇಲೆ ನೋಡಿದ್ದನ್ನ ನೋಡಿದ ಹಾಗೇ ಬರೆದೆ. ಆ ದಿನ ಆ ಹಾಲ್‌ನಲ್ಲಿ ಕುಣಿದವರು ಬಾಗಿಲು ಮೊದಲು ಹಾಕಿ ಆಮೇಲೆ ಒಳಗೆ ಹೋದರು."

ಮೇಷ್ಟ್ರು ಒದ್ದೆ ಕಲ್ಲನ್ನು ನೋಡುತ್ತಿದ್ದರು. ವಿಮೆಯಮ್ಮನ ಗೆರೆಗಳು ಒಂದು ಕಡೆಯಿಂದ ಆರುತ್ತ ಬಂದವು.

ಹೀಗೆ ಸುಮ್ಮನೆ ಕೂತವರ ಎದುರು ಸುಮ್ಮನೆ ಕೂರುವುದು ಪತ್ತೇದಾರಿಕೆಯಲ್ಲಿ ಅರ್ಧ ಕೆಲಸ. ಆದರೆ ಇವತ್ತು ಆಕೆಗೆ ಅದು ಕೆಲಸ ಅನ್ನಿಸಲಿಲ್ಲ, ಹಿಂಸೆ ಅನ್ನಿಸಿತು. ಉತ್ತರ ಆಗಲೇ ಗೊತ್ತಾಗಿತ್ತು. ಅದನ್ನು ಅವರ ಬಾಯಿಂದಲೇ ಕೇಳದೆ ಏಳುವ ಹಾಗಿರಲಿಲ್ಲ.

"ಪೊಲೀಸರು ನಿಮಗೆ ತೋರಿಸಿದ್ದು ಫೋಟೋ ಮಾತ್ರವಾ?"

"ಇಲ್ಲ."

"ಪೂರ್ತಿ ಓಡಿಸಿದ್ರಾ?"

"ಓಡಿಸಿದ್ರು. ನಾನು, ಅಳಿಯಂದಿರು, ಇನ್‌ಸ್ಪೆಕ್ಟರು. ಸಾಲಾಗಿ ಕೂತಿದ್ವಿ."

"ನಿಮಗೆ ಆವಾಗಲೇ ಗೊತ್ತಾಯ್ತು."

ಮೇಷ್ಟ್ರು ಒಂದು ಕುಂಚದ ತುದಿಯನ್ನು ಬೆರಳಿನಿಂದ ಚೂಪು ಮಾಡತೊಡಗಿದರು. ಅದು ಆಗಲೇ ಚೂಪಾಗಿತ್ತು.

"ಅಡಿಗೆರೆ ಎಳೆದ ಕೂಡಲೇ ಗೊತ್ತಾಯ್ತು. ಇನ್ನೂ ಮುಗಿದೇ ಇರಲಿಲ್ಲ. 'ಇದು ನಿಮ್ಮ ಮಗಳೇನಾ' ಅಂತ ಇನ್‌ಸ್ಪೆಕ್ಟರು ಕೇಳಿದ್ರು. ಅಲ್ಲ ಅನ್ನೋದು ಬಾಯಿಗೇ ಬಂದಿತ್ತು ತಾಯಿ. ಅಳಿಯಂದಿರು ನನಗಿಂತ ಮುಂಚೆ ಅಂದ್ರು. 'ಅಲ್ಲ, ಇದು ಅವಳಲ್ಲ.' ಎಷ್ಟು ಖಚಿತವಾಗಿ ಅಂದ್ರು! ಅವಳು ಹೋಗೇಬಿಟ್ಟಳು ಅನ್ನೋ ಹಾಗೆ ಕೇಳಿಸಿತು ನನಗೆ. ಸಿಟ್ಟು ಬಂತು. 'ಹೌದು, ನನ್ನ ಮಗಳೇ' ಅಂದುಬಿಟ್ಟೆ."

"ಸಿಟ್ಟಿಗೆ ಅಂದ ಮಾತನ್ನ ಮನೆಗೆ ಹೋಗೋ ಅಷ್ಟರಲ್ಲಿ ವಾಪಸ್ ತಗೋಬಹುದಿತ್ತು."

"ತಗೋಬಹುದಿತ್ತು."

"ಯಾಕೆ ತಗೊಳ್ಳಲಿಲ್ಲ?"

"ಆ ವಾರ ಎಲ್ಲ ಫೋನ್ ಬರ್ತಾ ಇತ್ತು. ಎಲ್ಲೋ ಒಂದು ಹೆಣ ಸಿಕ್ಕಿದೆ, ಬಂದು ನೋಡಿ. ಯಾವುದೋ ಆಸ್ಪತ್ರೇಲಿ ಗುರುತಿಲ್ಲದ ಹೆಂಗಸು ಇದ್ದಾಳೆ, ಬಂದು ನೋಡಿ. ಹೋಗಿ ನೋಡ್ತಿದ್ದೆ. ಬಟ್ಟೆ ಸರಿಸೋವರೆಗೆ ಆ ಹೆಣ ನನ್ನ ಮಗಳೇ. ಸರಿಸಿದ ಮೇಲೆ ಇನ್ನ್ಯಾರದೋ ಮಗಳು. ನಾನು ನಿಟ್ಟುಸಿರು ಬಿಡೋದು, ಆಮೇಲೆ ನಿಟ್ಟುಸಿರು ಬಿಟ್ಟೆನಲ್ಲಾ ಅಂತ ನಾಚಿಕೆಪಡೋದು. ಹೌದು ಅಂದ ದಿನದಿಂದ ಫೋನ್ ನಿಂತಿತು. ಆ ರಾತ್ರಿ ನಿದ್ದೆ ಬಂತು."

ವಿಮೆಯಮ್ಮನಿಗೆ ರೇಗಿತು. ಹುಡುಕಾಟ ನಿಂತು ಎಷ್ಟು ದಿನವಾಯಿತು! ಕಾಣೆಯಾದವರ ಪ್ರಕರಣದಲ್ಲಿ ಮೊದಲ ದಿನಗಳು ಚಿನ್ನ, ಆಮೇಲಿನವು ಮಣ್ಣು. ಆ ಚಿನ್ನವನ್ನೆಲ್ಲ ಈ ಮನುಷ್ಯ ಒಂದು ರಾತ್ರಿಯ ನಿದ್ದೆಗೆ ಕೊಟ್ಟುಬಿಟ್ಟಿದ್ದರು.

ರೇಗಿದ್ದಷ್ಟೇ ಅಲ್ಲ, ಅರ್ಥವೂ ಆಯಿತು. ಅದೇ ಕಷ್ಟ. ಗಂಡ ಹೋದ ವರ್ಷ ಆಕೆ ಸಂಜೆ ಮನೆಗೆ ಬಂದಾಗ ಬೀಗ ತೆಗೆಯುವ ಮುಂಚೆ ಒಂದು ಸಲ ಗಂಟೆ ಒತ್ತುತ್ತಿದ್ದಳು. ಯಾರೂ ತೆಗೆಯುವುದಿಲ್ಲ ಎಂದು ಗೊತ್ತಿದ್ದೂ ಒತ್ತುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ, ಹೇಳುವಂಥದ್ದೂ ಅಲ್ಲ.

"ಮತ್ತೆ ನನ್ನನ್ನ ಯಾಕೆ ಕರೆದ್ರಿ? ಸುಳ್ಳಿನ ಮೇಲೆ ಮಲಗಿದವರು ಪತ್ತೇದಾರರನ್ನ ಕರೀತಾರಾ?"

"ಆ ನಿದ್ದೆ ಬಾಳಲಿಲ್ಲ. ಒಂದೇ ವಾರ. ಆಮೇಲೆ ಬೇರೆ ಯೋಚನೆ ಶುರುವಾಯಿತು. ನಿಜವಾಗಿಯೂ ಎಲ್ಲೋ ಇದ್ದು, ಯಾರಾದರೂ ಬರ್ತಾರೆ ಅಂತ ಕಾಯ್ತಾ ಇದ್ದರೆ? ಹುಡುಕಬೇಡಿ ಅಂದೋನು ಅವಳ ಅಪ್ಪನೇ ಅಂತ ತಿಳಿದರೆ?" ಮೇಷ್ಟ್ರು ಕುಂಚವನ್ನು ಗೂಟಕ್ಕೆ ನೇತುಹಾಕಿದರು. "ನಿಮ್ಮನ್ನ ಕರೆದೆ. ನೀವಾಗೇ ಕಂಡುಹಿಡೀತೀರಿ, ನಾನು ಬಾಯಿಬಿಟ್ಟು ಹೇಳೋದು ತಪ್ಪುತ್ತೆ ಅಂದ್ಕೊಂಡೆ."

"ಹಾವೂ ಸಾಯಬಾರದು, ಕೋಲೂ ಮುರಿಯಬಾರದು."

"ಹೌದು. ಅಷ್ಟು ಹೇಡಿ ನಾನು."

ಅವರು ಎದ್ದು ಕಿಟಕಿಯ ಹತ್ತಿರ ಹೋದರು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಆ ಯಂತ್ರ ಅಂದರೆ ನನಗೆ ಆಗ್ತಿರಲಿಲ್ಲ. ಕುಂಚ ಹಿಡೀದೆ ಬರೆಯೋದೂ ಒಂದು ಬರೆಯೋದಾ, ಕೋತಿ ಕುಣಿತ ಅಂದಿದ್ದೆ. ಅವಳು ಎಷ್ಟು ಸಲ ಕರೆದಳು. 'ಅಪ್ಪಾ, ನೀನು ಕಲಿಸಿದ್ದನ್ನೇ ಮೈಯಲ್ಲಿ ಬರೀತೀನಿ, ಒಂದೇ ಒಂದು ಸಲ ಬಂದು ನೋಡು.' ಹೋಗಲಿಲ್ಲ. ಜಂಬ. ಆ ಗೋಡೆ ಬರೆಯೋದನ್ನ ನಾನು ಮೊದಲ ಸಲ ನೋಡಿದ್ದು ಪೊಲೀಸರ ಜೊತೆ ಕೂತು. ಅದೂ ಅವಳದ್ದಲ್ಲ."

ವಿಮೆಯಮ್ಮ ಕೆಲಸದ ಮಾತಿಗೆ ಬಂದಳು. ದುಃಖಕ್ಕೆ ಕೆಲಸವೇ ಊರುಗೋಲು.

"ಸರಿ. ಕುಣಿದವರಿಗೆ ಅಕ್ಷರದ ಪಾಠ ಆಗಿಲ್ಲ. ಆಕಾರ ಮಾತ್ರ ಗೊತ್ತು. ಹಾಲ್‌ನ ಬಾಗಿಲು ನಂಬರ್ ಒತ್ತಿದರೆ ತೆಗೆಯೋದು. ಆ ನಂಬರ್ ಯಾರಿಗೆ ಗೊತ್ತು?"

"ಅವಳಿಗೆ, ಅಳಿಯಂದಿರಿಗೆ. ಅವಳಿಗೆ ಹುಷಾರಿಲ್ಲದ ದಿನ ಅವಳ ಬದಲಿಗೆ ಕುಣಿಯೋ ಹುಡುಗಿಯೊಬ್ಬಳಿದ್ದಾಳಲ್ಲ, ಅವಳಿಗೂ ಗೊತ್ತಿರಬೇಕು."

"ಬದಲಿ ಹುಡುಗಿಗೆ ಅಕ್ಷರ ಬರುತ್ತಾ?"

"ಬರುತ್ತೆ. ಇದೇ ಮೇಜಿನ ಮೇಲೆ ನನ್ನ ಮಗಳೇ ಕಲಿಸಿದ್ದು. ಬಾಗಿಲು ಮೊದಲು ಹಾಕೋ ತಪ್ಪು ಅವಳು ಮಾಡಲ್ಲ."

ಹಾಗಾದರೆ ಉಳಿದವನು ಒಬ್ಬನೇ. 'ನನಗೆ ಒಂದಕ್ಷರವೂ ಬರಲ್ಲ, ಬರೀ ಆಕಾರ' ಎಂದು ಬೆಳಿಗ್ಗೆ ತಾನಾಗಿಯೇ ಹೇಳಿದವನು. ಆದರೆ ವಿಮೆಯಮ್ಮನ ತಲೆ ಅದನ್ನು ಒಪ್ಪಲಿಲ್ಲ. ತಾನೇ ಖೋಟಾ ಮಾಡಿದವನು 'ಇದು ಖೋಟಾ' ಎಂದು ಊರೆಲ್ಲ ಸಾರುತ್ತಾನೆಯೇ? ಅವನಿಗೆ ಬೇಕಾದದ್ದು ಹುಡುಕಾಟ ನಿಲ್ಲುವುದೇ ಆಗಿದ್ದರೆ, ಮಾವ ಹೌದು ಅಂದಾಗ ತಾನೂ ಹೌದು ಅಂದರೆ ಮುಗಿದುಹೋಗುತ್ತಿತ್ತು. ಅವನು ಒಬ್ಬನೇ ಅಡ್ಡ ನಿಂತಿದ್ದ. ಮೇಲಾಗಿ ಆ ಮೂಲೆಯಲ್ಲಿ ಇನ್ನೊಬ್ಬರು ನಿಂತಿದ್ದರು. ಕುಣಿದವರು ಒಬ್ಬರು, ನಿಂತು ಕುಣಿಸಿದವರು ಇನ್ನೊಬ್ಬರು. ಆ ಇನ್ನೊಬ್ಬರ ಕಾಲಿನ ಚಾಳಿ ನೋಡಿ ಬೆಳಿಗ್ಗೆ ಅವನ ಮುಖದ ಬಣ್ಣ ಇಳಿದಿತ್ತು; ಅವರು ಯಾರೆಂದು ಅವನು ಗುರುತು ಹಿಡಿದಿದ್ದ.

"ಮೇಷ್ಟ್ರೇ, ಫೋನ್ ತಗೊಳ್ಳಿ."

"ಯಾರಿಗೆ?"

"ಇನ್‌ಸ್ಪೆಕ್ಟರಿಗೆ. ನಾನು ಹೇಳಿದರೆ ಅದು ಪತ್ತೇದಾರಳ ಊಹೆ. ನೀವು ಹೇಳಿದರೆ ಹುಡುಕಾಟ ಮತ್ತೆ ಶುರುವಾಗುತ್ತೆ."

ಮೇಷ್ಟ್ರು ಫೋನ್ ಎತ್ತಿಕೊಂಡರು, ಕೆಳಗಿಟ್ಟರು.

"ಇದನ್ನ ಹೇಳಿದರೆ, ತಾಯಿ... ಅವಳು ಬದುಕಿದ್ದಾಳೆ ಅನ್ನೋಕೆ ನನ್ನ ಹತ್ತಿರ ಇರೋದು ಇದೊಂದೇ."

"ಗೊತ್ತು."

"ಸುಳ್ಳೇ ಆದರೂ ಇದೊಂದೇ."

"ಗೊತ್ತು ಮೇಷ್ಟ್ರೇ. ನಾನು ಇಲ್ಲೇ ಇರ್ತೀನಿ. ಫೋನ್ ಬಂದು ಎಲ್ಲಿಗಾದರೂ ಹೋಗಿ ನೋಡಬೇಕಾಗಿ ಬಂದರೆ, ಈ ಸಲ ನೀವೊಬ್ಬರೇ ಹೋಗೋದು ಬೇಡ. ಬಟ್ಟೆ ನಾನು ಸರಿಸ್ತೀನಿ."

ಮೇಷ್ಟ್ರು ನಂಬರ್ ಒತ್ತಿದರು. ಧ್ವನಿ ಇಬ್ಬರಿಗೂ ಕೇಳುವ ಹಾಗೆ ಫೋನನ್ನು ಮೇಜಿನ ಮೇಲಿಟ್ಟರು.

"ಹೇಳಿ ಮೇಷ್ಟ್ರೇ," ಎಂದಿತು ಇನ್‌ಸ್ಪೆಕ್ಟರ್ ಧ್ವನಿ, ಬಾಯಲ್ಲಿ ಏನೋ ಅಗಿಯುತ್ತ.

"ಆ ದಿನ ನೀವು ತೋರಿಸಿದ್ದು... ಆ ಹಾಲ್‌ನಲ್ಲಿ ಕುಣಿದದ್ದು... ಅದು ನನ್ನ ಮಗಳಲ್ಲ. ನನಗೆ ಆವತ್ತೇ ಗೊತ್ತಿತ್ತು. ನಾನು ಸುಳ್ಳು ಹೇಳಿದೆ. ದಯವಿಟ್ಟು ಅವಳನ್ನ ಹುಡುಕಿ."

ಹೇಳಿ ಮುಗಿಸಿದವರೇ ಕುರ್ಚಿಯಲ್ಲಿ ಕುಸಿದರು. ವಿಮೆಯಮ್ಮ ಅವರ ಭುಜದ ಮೇಲೆ ಕೈಯಿಟ್ಟಳು.

ಆ ಕಡೆ ಅಗಿಯುವುದು ನಿಂತಿತು.

"ಇದೇನು ಮಾವ-ಅಳಿಯ ಸೇರಿ ನನ್ನ ಹತ್ತಿರ ಆಟ ಆಡ್ತಾ ಇದೀರಾ?"

"ಆಟ ಅಲ್ಲ ಸ್ವಾಮಿ..."

"ನಿಮ್ಮ ಅಳಿಯಂದಿರು ಈಗ ತಾನೇ ಎದ್ದು ಹೋದ್ರು. ಕೂತ ಕುರ್ಚಿ ಇನ್ನೂ ಬಿಸಿ ಆರಿಲ್ಲ. 'ನಾನು ತಪ್ಪು ಹೇಳಿದ್ದೆ. ಅದು ನನ್ನ ಹೆಂಡತಿಯೇ. ಅವಳು ತಾನಾಗಿ ಹೋಗಿದ್ದಾಳೆ, ಇನ್ನು ಹುಡುಕೋದು ಬೇಡ' ಅಂತ ಬರೆದು ಸಹಿ ಹಾಕಿ ಹೋದ್ರು. ಕಡತ ಮುಚ್ಚಿ ಮೇಲಕ್ಕೆ ಕಳಿಸ್ತಾ ಇದೀನಿ."

ವಿಮೆಯಮ್ಮನ ಕೈ ಮೇಷ್ಟ್ರ ಭುಜದ ಮೇಲೇ ನಿಂತಿತು. ಬೆಳಿಗ್ಗೆ ಆಕೆಯನ್ನು ಕಳಿಸಿದವನು ಸಂಜೆಯೊಳಗೆ ಠಾಣೆಗೆ ಹೋಗಿ ಬಂದಿದ್ದ. ಹೊರಗೆ ಇದ್ದ ಕೆಲಸ ಇದು: ಆ ಮೂಲೆಯ ಚುಕ್ಕೆ ಯಾರದೆಂದು ಇನ್ಯಾರೂ ಹುಡುಕದ ಹಾಗೆ ಮಾಡುವುದು.

"ಅವನು ಸುಳ್ಳು ಹೇಳಿದ್ದಾನೆ!" ಮೇಷ್ಟ್ರು ಕೂಗಿದರು. "ಅದು ಅವಳಲ್ಲ, ಅವನಿಗೆ ಗೊತ್ತು!"

"ಮೇಷ್ಟ್ರೇ, ಇಷ್ಟು ದಿನ ಅವರೂ ನಿಮ್ಮ ಬಗ್ಗೆ ಅದನ್ನೇ ಹೇಳ್ತಾ ಇದ್ರು. ದಿನಾ ಬಂದು ಬಾಗಿಲಲ್ಲಿ ನಿಲ್ಲೋರು. 'ಮಾವನಿಗೆ ಗೊತ್ತು, ಸುಳ್ಳು ಹೇಳ್ತಿದ್ದಾರೆ, ಹುಡುಕಿ' ಅಂತ. ನೀವು ಹೆತ್ತವರು ಅಂತ ನಾನು ನಂಬಿದ್ದು ನಿಮ್ಮನ್ನ. ಈಗ ಇಬ್ಬರೂ ಮಾತು ಬದಲಾಯಿಸಿದ್ರೆ ನಾನು ಯಾವ ಮಾತನ್ನ ಹಿಡ್ಕೊಳ್ಳಲಿ?"

ಫೋನ್ ಕಟ್ಟಾಯಿತು.

ಮೇಷ್ಟ್ರು ಅದನ್ನೇ ನೋಡುತ್ತ ಕೂತರು. ಆಮೇಲೆ ನಿಧಾನವಾಗಿ ಮುಖ ಎತ್ತಿದರು. ಅಳಿಯನ ಬಗ್ಗೆ ಇಷ್ಟು ದಿನ ಅವರ ಮಾತಿನಲ್ಲಿದ್ದ ಕಹಿ ಈಗ ಎಲ್ಲೂ ಇರಲಿಲ್ಲ, ಭಯ ಮಾತ್ರ ಇತ್ತು.

"ತಾಯಿ, ಅವಳನ್ನ ಹುಡುಕ್ತಾ ಇದ್ದದ್ದು ಅವನೊಬ್ಬನೇ ಅಲ್ವಾ? ಈಗ ಅವನೇ ಬೇಡ ಅಂದದ್ದು ಯಾಕೆ?"